ದನಿ ಇಲ್ಲದೆ ಸ್ಟಾರ್ ಆದವರು: ಮೂಕಿ ಚಿತ್ರಗಳ ತಾರೆಯರ ಕತೆ

1909ರಲ್ಲಿ ಅಮೆರಿಕದಲ್ಲಿ ಸಿನಿಮಾ ನೋಡಲು ಹೋದವರಿಗೆ ಪರದೆ ಮೇಲಿನ ನಟಿ ಯಾರು ಅಂತ ಗೊತ್ತಾಗುತ್ತಿರಲಿಲ್ಲ. ಶುರುವಿನಲ್ಲಿ ಕಂಪನಿಯ ಹೆಸರು ಬರುತ್ತಿತ್ತು, ಚಿತ್ರದ ಹೆಸರು ಬರುತ್ತಿತ್ತು. ಅಷ್ಟೇ. ನಟರ ಹೆಸರನ್ನು ಕಂಪನಿಗಳು ಬೇಕಂತಲೇ ಮುಚ್ಚಿಡುತ್ತಿದ್ದವು. ಜನ ಹೆಸರು ಹಿಡಿದು ಕೇಳೋಕೆ ಶುರು ಮಾಡಿದರೆ ನಟರು ಸಂಬಳ ಜಾಸ್ತಿ ಕೇಳುತ್ತಾರೆ ಅನ್ನುವ ಭಯ. ನಟರಿಗೂ ಅದರಿಂದ ಬೇಜಾರೇನೂ ಇರಲಿಲ್ಲ. ನಾಟಕದಲ್ಲಿ ಹೆಸರು ಮಾಡಬೇಕು ಅಂತಿದ್ದವರಿಗೆ ಈ 'ಓಡುವ ಚಿತ್ರ'ಗಳಲ್ಲಿ ಕಾಣಿಸಿಕೊಳ್ಳೋದು ಮರ್ಯಾದೆ ಕಡಿಮೆಯ ಕೆಲಸ. ಎರಡು ಕಾಸು ಸಿಗುತ್ತೆ ಅಂತ ಬರುತ್ತಿದ್ದರು, ಹೋಗುತ್ತಿದ್ದರು.

ಆದರೆ ಜನ ಸುಮ್ಮನಿರಬೇಕಲ್ಲ. ಬಯೋಗ್ರಾಫ್ ಅನ್ನುವ ಕಂಪನಿಯ ಚಿತ್ರಗಳಲ್ಲಿ ಮತ್ತೆ ಮತ್ತೆ ಬರುತ್ತಿದ್ದ ಒಬ್ಬ ಹುಡುಗಿ ಅವರಿಗೆ ತುಂಬ ಹಿಡಿಸಿಬಿಟ್ಟಳು. ಹೆಸರು ಗೊತ್ತಿಲ್ಲದ್ದರಿಂದ 'ಬಯೋಗ್ರಾಫ್ ಗರ್ಲ್' ಅಂತ ತಾವೇ ಕರೆದರು. ಆಕೆ ಫ್ಲಾರೆನ್ಸ್ ಲಾರೆನ್ಸ್. ಕಾರ್ಲ್ ಲ್ಯಾಮ್ಲಿ ಅನ್ನುವ ನಿರ್ಮಾಪಕ ಅವರನ್ನು ತನ್ನ ಕಂಪನಿಗೆ ಸೆಳೆದುಕೊಂಡರು. ಮುಂದೆ ಯೂನಿವರ್ಸಲ್ ಸ್ಟುಡಿಯೋ ಕಟ್ಟಿದ್ದು ಇದೇ ಲ್ಯಾಮ್ಲಿ.

1910ರ ಆರಂಭದಲ್ಲಿ ಲಾರೆನ್ಸ್ ಟ್ರಾಮ್ ಗಾಡಿಗೆ ಸಿಕ್ಕಿ ಸತ್ತರು ಅಂತ ಸುದ್ದಿ ಹಬ್ಬಿತು. ಮಾರ್ಚ್‌ನಲ್ಲಿ ಲ್ಯಾಮ್ಲಿ ಪತ್ರಿಕೆಯಲ್ಲಿ ದೊಡ್ಡ ಜಾಹೀರಾತು ಕೊಟ್ಟರು. ಇದು ನಮ್ಮ ಶತ್ರುಗಳು ಹಬ್ಬಿಸಿದ ಸುಳ್ಳು, ಆಕೆ ಚೆನ್ನಾಗಿದ್ದಾರೆ, ನಮ್ಮ ಮುಂದಿನ ಚಿತ್ರದಲ್ಲಿ ನೋಡಿ ಅಂತ. ಆ ಸಾವಿನ ಸುದ್ದಿಯ ಹಿಂದೆ ಇದ್ದದ್ದೇ ಲ್ಯಾಮ್ಲಿ ಅಂತ ಸಿನಿಮಾ ಇತಿಹಾಸ ಬರೆದವರು ಹೇಳುತ್ತಾರೆ. ಆಮೇಲೆ ಲಾರೆನ್ಸ್ ಅವರನ್ನು ಸೇಂಟ್ ಲೂಯಿಸ್ ಊರಿಗೆ ಕರೆದುಕೊಂಡು ಹೋಗಿ ಜನರ ಮುಂದೆ ನಿಲ್ಲಿಸಿದರು. ರೈಲು ನಿಲ್ದಾಣದಲ್ಲಿ ಜನವೋ ಜನ. ಇವತ್ತಿನ ಪ್ರಚಾರದವರು ಮಾಡುವ ಗಿಮಿಕ್‌ಗಳೆಲ್ಲ ಹೊಸದು ಅಂದುಕೊಂಡಿದ್ದೀವಿ, ಅಲ್ವಾ?

ಒಂದು ಮುಖಕ್ಕೆ ಹೆಸರು ಅಂಟಿಸಿ, ಆ ಹೆಸರನ್ನೇ ಮಾರಬಹುದು ಅಂತ ಕಂಪನಿಗಳಿಗೆ ಗೊತ್ತಾಗಿದ್ದು ಆ ಹೊತ್ತಿಗೆ. ನಾಲ್ಕೈದು ವರ್ಷದಲ್ಲಿ ಇಡೀ ಧಂದೆ ತಲೆಕೆಳಗಾಯಿತು.

ಕ್ಯಾಮೆರಾ ಹತ್ತಿರ ಬಂದಾಗ

ಮಾತಾಡದ ಮನುಷ್ಯರ ಮೇಲೆ ಜನ ಅಷ್ಟೊಂದು ಪ್ರೀತಿ ಸುರಿಸಿದ್ದು ಯಾಕೆ? ದನಿ ಇಲ್ಲದಿದ್ದರೂ ಗೆದ್ದರು ಅಂತ ಸಾಮಾನ್ಯವಾಗಿ ಹೇಳುತ್ತಾರೆ. ನನಗೆ ಅನಿಸೋದು, ದನಿ ಇಲ್ಲದ್ದರಿಂದಲೇ ಗೆದ್ದರು. ಅದು ಹೇಗೆ ಅಂತ ನೋಡೋಣ.

ತೀರಾ ಹಳೆಯ ಚಿತ್ರಗಳಲ್ಲಿ ಕ್ಯಾಮೆರಾ ದೂರದಲ್ಲಿ ಒಂದೇ ಕಡೆ ನಿಂತಿರುತ್ತಿತ್ತು. ನಾಟಕದ ಮುಂದಿನ ಸಾಲಿನಲ್ಲಿ ಕೂತು ನೋಡಿದ ಹಾಗೆ, ತಲೆಯಿಂದ ಕಾಲಿನವರೆಗೆ ಪೂರ್ತಿ ಆಳು ಕಾಣುತ್ತಿತ್ತು. ಅಷ್ಟು ದೂರಕ್ಕೆ ಸಿಟ್ಟು ತೋರಿಸಬೇಕು ಅಂದರೆ ಕೈ ಎತ್ತಿ ಬೀಸಬೇಕು, ದುಃಖ ಅಂದರೆ ಹಣೆ ಹಿಡಿದು ಕುಸಿಯಬೇಕು. 1908ರ ನಂತರ ಡಿ. ಡಬ್ಲ್ಯೂ. ಗ್ರಿಫಿತ್‌ನಂಥ ನಿರ್ದೇಶಕರು ಕ್ಯಾಮೆರಾವನ್ನು ಸೊಂಟದ ತನಕ, ಎದೆಯ ತನಕ, ಕೊನೆಗೆ ಬರೀ ಮುಖದ ತನಕ ತಂದರು. ಆಗ ಕೈ ಬೀಸಾಟ ಬೇಡವಾಯಿತು. ರೆಪ್ಪೆ ಒಂದು ಸಲ ಇಳಿದರೆ ಸಾಕು.

ಹದಿನೈದು ಅಡಿ ಎತ್ತರದ ಪರದೆಯ ತುಂಬ ಒಂದು ಮುಖ. ಅದುವರೆಗೆ ಯಾರೂ ಬೇರೆ ಮನುಷ್ಯರ ಮುಖವನ್ನು ಅಷ್ಟು ದೊಡ್ಡದಾಗಿ, ಅಷ್ಟು ಹೊತ್ತು, ನಾಚಿಕೆಯಿಲ್ಲದೆ ದಿಟ್ಟಿಸಿ ನೋಡಿರಲಿಲ್ಲ. ಆ ಮುಖ ಏನು ಹೇಳುತ್ತಿದೆ ಅನ್ನುವುದನ್ನು ನೋಡುವವರೇ ತುಂಬಿಕೊಳ್ಳಬೇಕು. ಪ್ರೇಮದ ಮಾತನ್ನು ನಾಯಕ ಆಡುವುದು ಕೇಳಿಸದಿದ್ದಾಗ, ನಮಗೆ ಬೇಕಾದ ಮಾತನ್ನು, ನಮಗೆ ಬೇಕಾದ ದನಿಯಲ್ಲಿ ನಾವೇ ಕೇಳಿಸಿಕೊಳ್ಳುತ್ತೇವೆ. ಈ ಅಂಶವನ್ನು ನೆನಪಿಟ್ಟುಕೊಳ್ಳಿ. ಟಾಕಿ, ಅಂದರೆ ಮಾತಾಡುವ ಚಿತ್ರ ಬಂದಾಗ ಹಲವರು ಮುಗ್ಗರಿಸಿದ್ದು ಇಲ್ಲೇ.

ಹಳೆಯ ಫೋಟೋಗಳಲ್ಲಿ ಈ ತಾರೆಯರ ಮುಖ ಸುಣ್ಣ ಬಳಿದ ಹಾಗೆ, ತುಟಿ ಕಪ್ಪಗೆ ಕಾಣುತ್ತೆ. ಅದಕ್ಕೂ ಕಾರಣ ಇದೆ. ಆಗಿನ ಫಿಲಂಗೆ ಕೆಂಪು ಬಣ್ಣ ಕಾಣುತ್ತಲೇ ಇರಲಿಲ್ಲ. ಕೆಂಪು ಇದ್ದಲ್ಲೆಲ್ಲ ಕಪ್ಪು ಬೀಳುತ್ತಿತ್ತು. ಕೆಂಪಗಿನ ಕೆನ್ನೆ ಕೊಳೆ ಮೆತ್ತಿದ ಹಾಗೆ, ಸಣ್ಣ ಮೊಡವೆ ಮಸಿ ಚುಕ್ಕೆಯ ಹಾಗೆ. ನೀಲಿ ಬಣ್ಣವೋ ತದ್ವಿರುದ್ಧ, ಬಿಳಿಚಿಕೊಂಡು ಬಿಡುತ್ತಿತ್ತು. ತಿಳಿನೀಲಿ ಕಣ್ಣಿನ ನಟರು ಕುರುಡರ ಹಾಗೆ ಕಾಣುವ ಅಪಾಯವಿತ್ತು. ಅದಕ್ಕೇ ಮುಖಕ್ಕೆ ದಪ್ಪ ಬಣ್ಣ, ಕಣ್ಣಿನ ಸುತ್ತ ಕಾಡಿಗೆ. ಇಪ್ಪತ್ತರ ದಶಕದ ಕೊನೆಗೆ ಎಲ್ಲ ಬಣ್ಣವನ್ನೂ ಗುರುತಿಸುವ ಫಿಲಂ ಬಳಕೆಗೆ ಬಂದ ಮೇಲೆ ಈ ಮುಖವಾಡ ಕಳಚಿತು.

ಯಾವ ಊರಿನವರಾದರೂ ಆಗಬಹುದಿತ್ತು

ಮೂಕಿ ಚಿತ್ರಗಳು ಪೂರ್ತಿ ಮಾತಿಲ್ಲದವೇನಲ್ಲ. ನಡುನಡುವೆ ಬರಹದ ಫಲಕ ಬರುತ್ತಿತ್ತು. ಆ ಫಲಕ ತೆಗೆದು ಬೇರೆ ಭಾಷೆಯದು ಹಾಕಿದರೆ ಚಿತ್ರ ಬೇರೆ ದೇಶಕ್ಕೆ ತಯಾರು. ಭಾರತದಲ್ಲಂತೂ ಒಂದೇ ಫಲಕದಲ್ಲಿ ಎರಡು ಮೂರು ಲಿಪಿಗಳು. ಓದು ಬಾರದವರಿಗೆ ಪಕ್ಕದವರು ಗಟ್ಟಿಯಾಗಿ ಓದಿ ಹೇಳುತ್ತಿದ್ದರು. ಜಪಾನಿನಲ್ಲಿ ಅದಕ್ಕೆ ಬೆನ್ಶಿ ಅನ್ನುವ ಸಂಬಳದ ನಿರೂಪಕರೇ ಇದ್ದರು. ಪರದೆಯ ಪಕ್ಕ ನಿಂತು ಎಲ್ಲ ಪಾತ್ರಗಳ ಮಾತನ್ನೂ ತಾವೇ ಆಡುತ್ತಿದ್ದರು. ಕೆಲವು ಬೆನ್ಶಿಗಳ ಹೆಸರು ನೋಡಿಯೇ ಜನ ಟಿಕೆಟ್ ತೆಗೆದುಕೊಳ್ಳುತ್ತಿದ್ದರು.

ಅಂದಮೇಲೆ ನಟರ ಮಾತೃಭಾಷೆ ಯಾವುದಾದರೆ ಏನು? ರುಡಾಲ್ಫ್ ವ್ಯಾಲೆಂಟಿನೋ ಇಟಲಿಯವರು. ಗ್ರೇಟಾ ಗಾರ್ಬೋ ಸ್ವೀಡನ್ನಿನವರು. ಸೆಸ್ಯು ಹಯಕಾವ ಜಪಾನಿನವರು. 1915ರ ಹೊತ್ತಿಗೇ ಅಮೆರಿಕದ ಹೆಂಗಸರು ಹಯಕಾವ ಅವರಿಗೆ ಮರುಳಾಗಿದ್ದರು. ಆದರೆ ಬಿಳಿಯ ನಾಯಕಿ ಕೊನೆಗೆ ಅವರಿಗೆ ಸಿಗುವಂತಿರಲಿಲ್ಲ. ಆ ಕಾಲದ ಬಣ್ಣಭೇದ ಅದಕ್ಕೆ ಒಪ್ಪುತ್ತಿರಲಿಲ್ಲ. ಅದಕ್ಕೇ ಹೆಚ್ಚಾಗಿ ಖಳನಾಯಕ, ಇಲ್ಲವೇ ತ್ಯಾಗ ಮಾಡಿ ದೂರ ಸರಿಯುವ ಪ್ರೇಮಿ. ಇದಕ್ಕೆ ಬೇಸತ್ತು 1918ರಲ್ಲಿ ಅವರು ತಮ್ಮದೇ ಕಂಪನಿ ಕಟ್ಟಿದರು.

ವ್ಯಾಲೆಂಟಿನೋ ಹುಚ್ಚು ಎಷ್ಟರ ಮಟ್ಟಿಗಿತ್ತು ಅಂದರೆ, 1926ರ ಆಗಸ್ಟ್ 23ರಂದು, 31ನೇ ವಯಸ್ಸಿನಲ್ಲಿ ಅವರು ತೀರಿಕೊಂಡಾಗ ನ್ಯೂಯಾರ್ಕಿನ ಬೀದಿಯಲ್ಲಿ ಲಕ್ಷದಷ್ಟು ಜನ ಸೇರಿ ಗಲಾಟೆಯಾಗಿ ಕಿಟಕಿ ಗಾಜುಗಳು ಪುಡಿಯಾದವು. ನಟನ ಸಾವಿಗೆ ಊರೇ ಬೀದಿಗೆ ಬರುವುದು ಏನು ಅಂತ ನಮಗೆ ಕರ್ನಾಟಕದವರಿಗೆ ಬಿಡಿಸಿ ಹೇಳಬೇಕಿಲ್ಲ.

ಇನ್ನು ಥೀಡಾ ಬಾರಾ. ಪುರುಷರನ್ನು ಹಾಳು ಮಾಡುವ ಮಾಯಾಂಗನೆಯ ಪಾತ್ರಗಳಿಗೆ ಹೆಸರಾದವರು. ಮರಳುಗಾಡಿನಲ್ಲಿ, ಪಿರಮಿಡ್‌ಗಳ ನೆರಳಲ್ಲಿ ಹುಟ್ಟಿದವಳು ಅಂತ ಕಂಪನಿ ಪ್ರಚಾರ ಮಾಡಿತು. ನಿಜಕ್ಕೂ ಅವರು ಅಮೆರಿಕದ ಸಿನ್ಸಿನಾಟಿಯ ದರ್ಜಿಯೊಬ್ಬರ ಮಗಳು, ಥಿಯೊಡೋಸಿಯಾ ಗುಡ್‌ಮನ್. ಬಾಯಿ ಬಿಟ್ಟು ಮಾತಾಡಬೇಕಾದ ಕಾಲವಾಗಿದ್ದರೆ ಈ ಕತೆ ಒಂದು ರೀಲು ಕೂಡ ನಿಲ್ಲುತ್ತಿರಲಿಲ್ಲ.

ಲಾನ್ ಚೇನಿ ಅವರದು ಬೇರೆಯೇ ದಾರಿ. ಅವರ ಅಪ್ಪ ಅಮ್ಮ ಇಬ್ಬರಿಗೂ ಕಿವಿ ಕೇಳುತ್ತಿರಲಿಲ್ಲ. ಮನೆಯಲ್ಲಿ ಎಲ್ಲವನ್ನೂ ಮುಖದಲ್ಲಿ, ಕೈಯಲ್ಲಿ ಹೇಳಿ ಬೆಳೆದ ಹುಡುಗ. ಮುಂದೆ ಗೂನು ಬೆನ್ನಿನವನಾಗಿ, ವಿಕಾರ ಮುಖದವನಾಗಿ ನಟಿಸಿದಾಗಲೂ ನೋಡುವವರಿಗೆ ಹೆದರಿಕೆಯ ಜೊತೆ ಮರುಕ ಹುಟ್ಟುತ್ತಿತ್ತು. ಮೇಕಪ್ಪನ್ನು ತಾವೇ ಮಾಡಿಕೊಳ್ಳುತ್ತಿದ್ದರು.

ಒಂದು ಕಾರಿನ ಬಾಗಿಲು

ಚಾರ್ಲಿ ಚಾಪ್ಲಿನ್ ಬಗ್ಗೆ ಎಲ್ಲರಿಗೂ ಗೊತ್ತಿರುವುದನ್ನು ಬಿಟ್ಟು ಒಂದೇ ಒಂದು ದೃಶ್ಯ ತೆಗೆದುಕೊಳ್ಳೋಣ. 'ಸಿಟಿ ಲೈಟ್ಸ್' ಚಿತ್ರದ್ದು.

ಹೂ ಮಾರುವ ಕುರುಡಿ ಹುಡುಗಿ ರಸ್ತೆ ಬದಿ ಕೂತಿದ್ದಾಳೆ. ಅಲೆಮಾರಿ ಚಾರ್ಲಿಯನ್ನು ಅವಳು ದೊಡ್ಡ ಶ್ರೀಮಂತ ಅಂದುಕೊಳ್ಳಬೇಕು. ಇಡೀ ಕತೆ ನಿಂತಿರುವುದೇ ಈ ತಪ್ಪು ತಿಳುವಳಿಕೆಯ ಮೇಲೆ. ಚಿತ್ರದಲ್ಲಿ ಮಾತಿಲ್ಲ, ಹುಡುಗಿಗೆ ಕಣ್ಣಿಲ್ಲ. ಹೇಗೆ ತೋರಿಸೋದು? ಚಾಪ್ಲಿನ್‌ಗೆ ಇದಕ್ಕೆ ದಾರಿ ಸುಲಭವಾಗಿ ಹೊಳೆಯಲಿಲ್ಲ. ಈ ಸಣ್ಣ ದೃಶ್ಯಕ್ಕೆ 300ಕ್ಕೂ ಹೆಚ್ಚು ಟೇಕ್ ಆದವು ಅಂತ ಲೆಕ್ಕ ಇಟ್ಟವರು ಹೇಳುತ್ತಾರೆ.

ಕೊನೆಗೆ ಸಿಕ್ಕ ಉತ್ತರ ಹೀಗಿದೆ. ರಸ್ತೆ ತುಂಬ ವಾಹನ. ಮುಂದೆ ಪೊಲೀಸ್ ನಿಂತಿದ್ದಾನೆ. ಅವನ ಕಣ್ಣು ತಪ್ಪಿಸಲು ಚಾರ್ಲಿ ನಿಂತಿದ್ದ ಒಂದು ಐಷಾರಾಮಿ ಕಾರಿನೊಳಗೆ ಈ ಬಾಗಿಲಿಂದ ಹತ್ತಿ ಆ ಬಾಗಿಲಿಂದ ಇಳಿಯುತ್ತಾನೆ. ಬಾಗಿಲು ಮುಚ್ಚುತ್ತಾನೆ. ಹುಡುಗಿ ತಲೆ ಎತ್ತಿ ಹೂ ಚಾಚುತ್ತಾಳೆ. ಕಾರಿನ ಬಾಗಿಲ ಸದ್ದು ಅವಳಿಗೆ ಕೇಳಿಸಿದೆ. ನಮಗೆ ಆ ಸದ್ದು ಕೇಳಿಸುವುದೇ ಇಲ್ಲ, ಆದರೂ ಅವಳಿಗೆ ಕೇಳಿಸಿತು ಅಂತ ಗೊತ್ತಾಗಿಬಿಡುತ್ತದೆ. ಹೂ ಕೆಳಗೆ ಬಿದ್ದು ಅವಳು ತಡಕಾಡುವಾಗ ಚಾರ್ಲಿಗೆ ಅವಳು ಕುರುಡಿ ಅಂತ ತಿಳಿಯುತ್ತದೆ. ಅಷ್ಟರಲ್ಲಿ ಕಾರಿನ ನಿಜವಾದ ಯಜಮಾನ ಬಂದು ಹತ್ತಿ ಹೊರಟುಹೋಗುತ್ತಾನೆ. ಶ್ರೀಮಂತರು ಚಿಲ್ಲರೆ ತೆಗೆದುಕೊಳ್ಳದೆ ಹೋದರು ಅಂತ ಹುಡುಗಿ ಭಾವಿಸುತ್ತಾಳೆ. ಚಾರ್ಲಿ ಉಸಿರು ಬಿಗಿಹಿಡಿದು, ತುದಿಗಾಲಲ್ಲಿ ಅಲ್ಲಿಂದ ಜಾರಿಕೊಳ್ಳುತ್ತಾನೆ.

ಒಂದು ಬಾಗಿಲು, ಒಂದು ಹೂವು. ಇದನ್ನು ಬೀದರಿನಲ್ಲಿ ತೋರಿಸಿ, ಬರ್ಲಿನ್‌ನಲ್ಲಿ ತೋರಿಸಿ, ಅರ್ಥವಾಗುತ್ತೆ. ಇನ್ನೊಂದು ವಿಷಯ: ಈ ಚಿತ್ರ ಬಂದಿದ್ದು 1931ರಲ್ಲಿ. ಹಾಲಿವುಡ್ ಪೂರ್ತಿ ಮಾತಿಗೆ ತಿರುಗಿದ ಮೇಲೆ. ಎಲ್ಲರೂ ಹುಚ್ಚು ಅಂದರು. ಚಿತ್ರ ಗೆದ್ದಿತು.

ಬಸ್ಟರ್ ಕೀಟನ್ ಅವರಿಗೆ ಮುಖದ ಕ್ಲೋಸಪ್ಪೂ ಬೇಕಿರಲಿಲ್ಲ. ಏನೇ ಆದರೂ ನಗದ ಮುಖ ಅದು. 1928ರ 'ಸ್ಟೀಮ್‌ಬೋಟ್ ಬಿಲ್ ಜೂನಿಯರ್'ನಲ್ಲಿ ಬಿರುಗಾಳಿಗೆ ಮನೆಯ ಮುಂಗೋಡೆ ಪೂರ್ತಿಯಾಗಿ ಅವರ ಮೇಲೆ ಬೀಳುತ್ತದೆ. ಮೇಲಿನ ತೆರೆದ ಕಿಟಕಿ ಸರಿಯಾಗಿ ಅವರ ಸುತ್ತ ಬಂದು ಕೂರುತ್ತದೆ. ಕೀಟನ್ ನಿಂತಲ್ಲೇ ನಿಂತಿರುತ್ತಾರೆ. ಇದು ಟ್ರಿಕ್ ಅಲ್ಲ. ಗೋಡೆ ನಿಜವಾದದ್ದು, ಎರಡು ಟನ್ ತೂಕದ್ದು ಅಂತ ಹೇಳುತ್ತಾರೆ. ಅತ್ತ ಇತ್ತ ಉಳಿದದ್ದು ಕೆಲವೇ ಇಂಚು. ಕಾಲಿಡುವ ಜಾಗಕ್ಕೆ ಗುರುತು ಹಾಕಿದ್ದರು. ಸ್ವಲ್ಪ ಸರಿದಿದ್ದರೂ ಕತೆ ಮುಗಿದಿರುತ್ತಿತ್ತು. ಹೆರಾಲ್ಡ್ ಲಾಯ್ಡ್ ಗಡಿಯಾರದ ಮುಳ್ಳು ಹಿಡಿದು ಕಟ್ಟಡದಿಂದ ಜೋತಾಡುವ ಚಿತ್ರವನ್ನಾದರೂ ನೀವು ನೋಡಿರುತ್ತೀರಿ. ಹಾಗೆ ಜೋತಾಡಿದ ಬಲಗೈಯಲ್ಲಿ ಹೆಬ್ಬೆರಳೂ ತೋರುಬೆರಳೂ ಇರಲಿಲ್ಲ. 1919ರಲ್ಲಿ ಆಟಿಕೆ ಬಾಂಬು ಅಂದುಕೊಂಡಿದ್ದು ನಿಜವಾಗಿ ಸಿಡಿದು ಹೋಗಿದ್ದವು. ಕೈಗವಸಿನಲ್ಲಿ ಅದನ್ನು ಮುಚ್ಚಿಕೊಂಡು ನಟಿಸಿದರು.

ದುಡ್ಡಿನ ಮಾತಿಗೆ ಬಂದರೆ, ಕಂಪನಿಗಳ ಹಳೆಯ ಭಯ ನಿಜವೇ ಆಯಿತು. ಚಾಪ್ಲಿನ್ 1913ರ ಕೊನೆಗೆ ಸಿನಿಮಾಕ್ಕೆ ಬಂದಾಗ ವಾರಕ್ಕೆ 150 ಡಾಲರ್. 1916ರಲ್ಲಿ ವಾರಕ್ಕೆ 10,000 ಡಾಲರ್, ಅದರ ಮೇಲೆ ಒಂದೂವರೆ ಲಕ್ಷ ಡಾಲರ್ ಬೋನಸ್. ಗುಂಗುರು ಕೂದಲ ಮೇರಿ ಪಿಕ್‌ಫರ್ಡ್ 1909ರಲ್ಲಿ ದಿನಕ್ಕೆ 10 ಡಾಲರಿಗೆ ಸೇರಿದವರು, 1916ಕ್ಕೆ ವಾರಕ್ಕೆ 10,000 ಡಾಲರ್ ಜೊತೆಗೆ ಲಾಭದಲ್ಲಿ ಅರ್ಧ ಪಾಲು ಕೇಳಿ ಪಡೆದರು. ಪರದೆ ಮೇಲೆ ಮುಗ್ಧ ಹುಡುಗಿ, ಲೆಕ್ಕದ ಮೇಜಿನಲ್ಲಿ ಹುಲಿ. 1919ರಲ್ಲಿ ಪಿಕ್‌ಫರ್ಡ್, ಚಾಪ್ಲಿನ್, ಡಗ್ಲಾಸ್ ಫೇರ್‌ಬ್ಯಾಂಕ್ಸ್ ಮತ್ತು ಗ್ರಿಫಿತ್ ಸೇರಿ ಯುನೈಟೆಡ್ ಆರ್ಟಿಸ್ಟ್ಸ್ ಅನ್ನುವ ತಮ್ಮದೇ ವಿತರಣಾ ಸಂಸ್ಥೆ ಮಾಡಿಕೊಂಡರು. ಹತ್ತು ವರ್ಷದ ಹಿಂದೆ ಹೆಸರೇ ಇಲ್ಲದವರು ಈಗ ಮಾಲೀಕರು.

ನಮ್ಮಲ್ಲಿ: ಅಡುಗೆಯವರಿಂದ ಟೆಲಿಫೋನ್ ಆಪರೇಟರ್‌ವರೆಗೆ

1913ರಲ್ಲಿ ದಾದಾಸಾಹೇಬ್ ಫಾಲ್ಕೆ 'ರಾಜಾ ಹರಿಶ್ಚಂದ್ರ' ತೆಗೆದಾಗ ತಾರಾಮತಿಯ ಪಾತ್ರಕ್ಕೆ ಹೆಂಗಸರು ಯಾರೂ ಸಿಗಲಿಲ್ಲ. ಕೊನೆಗೆ ಬೊಂಬಾಯಿಯ ಹೋಟೆಲೊಂದರಲ್ಲಿ ಕೆಲಸಕ್ಕಿದ್ದ ಅಣ್ಣಾ ಸಾಳುಂಕೆ ಸೀರೆ ಉಟ್ಟರು. 1917ರ 'ಲಂಕಾ ದಹನ'ದಲ್ಲಿ ರಾಮನೂ ಅವರೇ, ಸೀತೆಯೂ ಅವರೇ. ಕಂಪನಿ ನಾಟಕಗಳಲ್ಲಿ ಗಂಡಸರು ಹೆಣ್ಣು ಪಾತ್ರ ಮಾಡುವುದನ್ನು ನೋಡಿದ್ದ ಜನರಿಗೆ ಇದು ವಿಚಿತ್ರ ಅನ್ನಿಸಲಿಲ್ಲ.

ಮರ್ಯಾದಸ್ಥ ಮನೆಯ ಹೆಂಗಸರು ಸಿನಿಮಾಕ್ಕೆ ಬರಬಾರದು ಅನ್ನುವ ಕಟ್ಟು ಗಟ್ಟಿಯಾಗಿದ್ದಾಗ, ಆ ಜಾಗ ತುಂಬಿದವರು ಹೆಚ್ಚಾಗಿ ಯಹೂದಿ ಮತ್ತು ಆಂಗ್ಲೋ ಇಂಡಿಯನ್ ಮನೆಗಳ ಹುಡುಗಿಯರು. ಕಲ್ಕತ್ತೆಯ ಪೇಶನ್ಸ್ ಕೂಪರ್, ಸೀತಾ ದೇವಿ ಅಂತ ಹೆಸರು ಬದಲಿಸಿಕೊಂಡ ರೆನೀ ಸ್ಮಿತ್. ಇವರೆಲ್ಲರನ್ನು ಮೀರಿ ನಿಂತವರು ರೂಬಿ ಮೈಯರ್ಸ್. ಬಾಗ್ದಾದಿ ಯಹೂದಿ ಮನೆತನ, ಹುಟ್ಟಿದ್ದು ಪುಣೆಯಲ್ಲಿ, ಕೆಲಸ ಟೆಲಿಫೋನ್ ಆಪರೇಟರ್. ಪರದೆ ಮೇಲೆ ಅವರ ಹೆಸರು ಸುಲೋಚನಾ.

ಮನೆಯಿಂದ ಹೊರಗೆ ದುಡಿಯುವ ಹೆಣ್ಣು ಅವರ ಚಿತ್ರಗಳಲ್ಲಿ ಕಾಣಿಸಿಕೊಂಡಳು. 1926ರಲ್ಲಿ 'ಟೈಪಿಸ್ಟ್ ಗರ್ಲ್'. 1927ರ 'ವೈಲ್ಡ್‌ಕ್ಯಾಟ್ ಆಫ್ ಬಾಂಬೆ'ಯಲ್ಲಿ ಒಬ್ಬರೇ ಎಂಟು ವೇಷ: ಪೊಲೀಸ್, ತೋಟದ ಮಾಲಿ, ಹೈದರಾಬಾದಿನ ಸಾಹೇಬ, ಬೀದಿ ಹುಡುಗ, ಬಾಳೆಹಣ್ಣು ಮಾರುವವಳು, ಹೊಂಬಣ್ಣದ ಕೂದಲಿನ ಯುರೋಪಿನ ಹೆಂಗಸು ಹೀಗೆ. ತಿಂಗಳಿಗೆ 5000 ರೂಪಾಯಿ ಸಂಬಳ. ಬೊಂಬಾಯಿ ಗವರ್ನರ್‌ಗಿಂತ ಜಾಸ್ತಿ ಅಂತ ಜನ ಮಾತಾಡಿಕೊಳ್ಳುತ್ತಿದ್ದರು.

ನಮ್ಮ ಕಡೆಯೂ ಮೂಕಿಯ ಗಾಳಿ ಬೀಸಿತ್ತು. 1930ರ ಆಸುಪಾಸಿನಲ್ಲಿ ಮೋಹನ್ ಭವನಾನಿ ಮೃಚ್ಛಕಟಿಕವನ್ನು ಮೂಕಿ ಚಿತ್ರವಾಗಿ ತೆಗೆದಾಗ ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯ ಅದರಲ್ಲಿ ನಟಿಸಿದರು. ಟಿ. ಪಿ. ಕೈಲಾಸಂ ಕೂಡ ಆ ಚಿತ್ರದಲ್ಲಿದ್ದರು. ಮಾತಿಗೆ ಹೆಸರಾದ ಕೈಲಾಸಂ ಮಾತಿಲ್ಲದ ಚಿತ್ರದಲ್ಲಿ! ಗುಬ್ಬಿ ವೀರಣ್ಣನವರೂ ಅದೇ ಕಾಲಕ್ಕೆ ಮೂಕಿ ಚಿತ್ರಗಳಿಗೆ ಕೈಹಾಕಿದ್ದರು.

ಮಾತು ಬಂತು

1927ರ ಅಕ್ಟೋಬರಿನಲ್ಲಿ 'ದ ಜಾಝ್ ಸಿಂಗರ್' ಬಂತು. ಎರಡು ಮೂರು ವರ್ಷದಲ್ಲಿ ಹಾಲಿವುಡ್ಡಿನಲ್ಲಿ ಮೂಕಿ ಮುಗಿಯಿತು. ದನಿ ಚೆನ್ನಾಗಿಲ್ಲದ ನಟರೆಲ್ಲ ಮೂಲೆಗೆ ಬಿದ್ದರು ಅಂತ ಒಂದು ಕತೆ ಪ್ರಚಾರದಲ್ಲಿದೆ. ಅದು ಅರ್ಧ ನಿಜ ಅಷ್ಟೇ.

ಜಾನ್ ಗಿಲ್ಬರ್ಟ್ ಉದಾಹರಣೆ ನೋಡಿ. ಗಾರ್ಬೋ ಜೊತೆ ಅವರ ಪ್ರೇಮದ ದೃಶ್ಯಗಳಿಗೆ ಥಿಯೇಟರು ತುಂಬುತ್ತಿತ್ತು. 1929ರ ಟಾಕಿಯಲ್ಲಿ ಅವರು 'ಐ ಲವ್ ಯೂ, ಐ ಲವ್ ಯೂ' ಅಂದಾಗ ಜನ ನಕ್ಕುಬಿಟ್ಟರು. ಅವರ ದನಿಯಲ್ಲಿ ದೋಷವಿರಲಿಲ್ಲ. ಅವರ ಮುಂದಿನ ಟಾಕಿಗಳನ್ನು ಈಗಲೂ ಕೇಳಬಹುದು, ಚೆನ್ನಾಗಿಯೇ ಇದೆ. ತೊಂದರೆ ಇದ್ದದ್ದು ಮಾತಿನಲ್ಲಿ. ಫಲಕದಲ್ಲಿ ಓದಿಕೊಂಡಾಗ ಎದೆ ತುಂಬುತ್ತಿದ್ದ ಮಾತನ್ನು ಒಬ್ಬ ಗಂಡಸು ಗಟ್ಟಿಯಾಗಿ ಒದರಿದಾಗ ತಮಾಷೆ ಅನ್ನಿಸಿತು. ನೋಡುವವರು ತಾವೇ ತುಂಬಿಕೊಳ್ಳುತ್ತಿದ್ದ ಜಾಗ ಇಲ್ಲವಾಗಿತ್ತು.

ಜೊತೆಗೆ ಮೈಕಿನ ಕಾಟ. ಆಗಿನ ಮೈಕುಗಳಿಗೆ ಹತ್ತಿರ ನಿಂತು ಮಾತಾಡಬೇಕು. ಕ್ಯಾಮೆರಾದ ಸದ್ದು ಕೇಳಿಸಬಾರದು ಅಂತ ಅದನ್ನು ಒಂದು ಗೂಡಿನೊಳಗೆ ಇಡುತ್ತಿದ್ದರು. ಪರದೆ ತುಂಬ ಓಡಾಡಿ ಚಿಗರೆಯ ಹಾಗಿದ್ದ ಕ್ಲಾರಾ ಬೋ ಅವರಿಗೆ ಇದು ಶಿಕ್ಷೆ. ಅವರ ಮೊದಲ ಟಾಕಿಯ ನಿರ್ದೇಶಕಿ ಡೊರೊಥಿ ಆರ್ಜ್ನರ್ ಮೈಕನ್ನು ಮೀನು ಹಿಡಿಯುವ ಕೋಲಿಗೆ ಕಟ್ಟಿಸಿ, ಬೋ ಹೋದಲ್ಲೆಲ್ಲ ತಲೆಯ ಮೇಲೆ ಹಿಡಿಸಿದರಂತೆ. ಚಿತ್ರ ಓಡಿತು. ಆದರೆ ಮೈಕಿನ ಅಳುಕು ಬೋ ಅವರನ್ನು ಬಿಡಲಿಲ್ಲ. 1933ಕ್ಕೆ ಸಿನಿಮಾ ಬಿಟ್ಟರು. ಗಾರ್ಬೋ ಮಾತ್ರ ಗೆದ್ದರು. 1930ರಲ್ಲಿ 'ಗಾರ್ಬೋ ಮಾತಾಡುತ್ತಾರೆ' ಅನ್ನುವುದೇ ಜಾಹೀರಾತು. ಅವರ ಒರಟು ದನಿ, ಸ್ವೀಡಿಷ್ ಉಚ್ಚಾರ ಅವರು ಮಾಡಿದ ವಲಸೆಗಾರ ಹೆಣ್ಣಿನ ಪಾತ್ರಕ್ಕೆ ಸರಿಯಾಗಿ ಕೂತಿತು.

ಭಾರತದಲ್ಲಿ ಪೆಟ್ಟು ಇನ್ನೂ ಜೋರು, ಯಾಕೆಂದರೆ ಇಲ್ಲಿ ಮಾತಾಡಿದರೆ ಸಾಲದು, ಹಾಡಬೇಕು. 1931ರ ಮಾರ್ಚ್ 14ರಂದು 'ಆಲಂ ಆರಾ' ಬಂತು. ಅದರ ನಾಯಕ ಮಾಸ್ಟರ್ ವಿಠ್ಠಲ್ ಮೂಕಿ ಕಾಲದ ದೊಡ್ಡ ಸಾಹಸ ತಾರೆ. ಹಳೆಯ ಸ್ಟುಡಿಯೋದ ಒಪ್ಪಂದದಿಂದ ಅವರನ್ನು ಬಿಡಿಸಲು ಕೋರ್ಟಿನಲ್ಲಿ ವಾದಿಸಿದ್ದು ಮಹಮ್ಮದ್ ಅಲಿ ಜಿನ್ನಾ. ಅಷ್ಟು ಕಷ್ಟಪಟ್ಟು ತಂದ ನಾಯಕನಿಗೆ ಹಿಂದೂಸ್ತಾನಿ ಸರಿಯಾಗಿ ಬರುತ್ತಿರಲಿಲ್ಲ! ಅದಕ್ಕೇ ಪಾತ್ರವನ್ನು ಬಹಳಷ್ಟು ಹೊತ್ತು ಮಂಪರಿನಲ್ಲಿ ಇಟ್ಟರು ಅಂತ ಹೇಳುತ್ತಾರೆ.

ಕನ್ನಡದಲ್ಲಿ ಈ ಬದಲಾವಣೆ ಬೇರೆ ಥರ ಆಯಿತು. 1934ರ ಮೊದಲ ಟಾಕಿ 'ಸತಿ ಸುಲೋಚನಾ' ನಿರ್ದೇಶಿಸಿದ ವೈ. ವಿ. ರಾವ್ ಮೂಕಿ ಚಿತ್ರಗಳಲ್ಲಿ ನಟಿಸಿ ಬಂದವರು. ಆದರೆ ಪರದೆ ಮೇಲೆ ಮುಖ್ಯ ಪಾತ್ರಗಳಿಗೆ ಬಂದ ಸುಬ್ಬಯ್ಯ ನಾಯ್ಡು, ನಾಗೇಂದ್ರರಾಯರು ರಂಗಭೂಮಿಯಲ್ಲಿ ಮಾಗಿದವರು. ಕಂದ ಪದ್ಯ ಹಾಡಿ ಹಿಂದಿನ ಸಾಲಿಗೆ ಮುಟ್ಟಿಸಬಲ್ಲ ಗಂಟಲು ಬೇಕಿತ್ತು.

ಸುಲೋಚನಾ ಏನು ಮಾಡಿದರು? ಒಂದು ವರ್ಷ ಕೆಲಸ ಬಿಟ್ಟು ಹಿಂದೂಸ್ತಾನಿ ಕಲಿತರು. ವಾಪಸ್ಸು ಬಂದು ತಮ್ಮ ಹಳೆಯ ಗೆದ್ದ ಚಿತ್ರಗಳನ್ನೇ ಮಾತಿನಲ್ಲಿ ಮತ್ತೆ ಮಾಡಿದರು. ಕೆಲವು ವರ್ಷ ನಡೆಯಿತು, ಆಮೇಲೆ ಹಾಡುವ ಹೊಸಬರು ಬಂದರು. 1928ರ ಮೂಕಿ 'ಅನಾರ್ಕಲಿ'ಯಲ್ಲಿ ಅವರು ಅನಾರ್ಕಲಿ. 1935ರ ಟಾಕಿಯಲ್ಲೂ ಅವರೇ. 1953ರಲ್ಲಿ ಅದೇ ಕತೆ ಮತ್ತೆ ಬಂದಾಗ ಅವರು ಸಲೀಮನ ತಾಯಿ. 1973ರ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಅವರಿಗೆ ಬಂತು. ಅವರು ತೀರಿಕೊಂಡಿದ್ದು 1983ರಲ್ಲಿ.

ಈಗ ನೋಡಬೇಕು ಅಂದರೆ

ಸುಲೋಚನಾ ಅವರ ಮೂಕಿ ಚಿತ್ರಗಳನ್ನು ಹುಡುಕಿದರೆ ಹೆಚ್ಚುಕಮ್ಮಿ ಏನೂ ಸಿಗುವುದಿಲ್ಲ. ಭಾರತದಲ್ಲಿ ತೆಗೆದ 1300ರಷ್ಟು ಮೂಕಿ ಚಿತ್ರಗಳಲ್ಲಿ ಪೂರ್ತಿಯಾಗಿಯೋ ತುಣುಕಾಗಿಯೋ ಉಳಿದದ್ದು ಮೂವತ್ತರ ಆಸುಪಾಸು. ಆಗಿನ ನೈಟ್ರೇಟ್ ಫಿಲಂ ಬೇಗ ಹೊತ್ತಿಕೊಳ್ಳುತ್ತಿತ್ತು, ಹಾಗೇ ಇಟ್ಟರೂ ಕೊಳೆಯುತ್ತಿತ್ತು. ಟಾಕಿ ಬಂದ ಮೇಲೆ ಹಳೆಯ ರೀಲುಗಳಿಗೆ ಬೆಲೆ ಅಂತ ಇದ್ದದ್ದು ಅದರಲ್ಲಿನ ಬೆಳ್ಳಿಗೆ. ಕರಗಿಸಿ ಬೆಳ್ಳಿ ತೆಗೆದುಕೊಂಡರು. ಅಮೆರಿಕದಲ್ಲೂ ಇದೇ ಗತಿ. 1937ರಲ್ಲಿ ಫಾಕ್ಸ್ ಕಂಪನಿಯ ಉಗ್ರಾಣಕ್ಕೆ ಬೆಂಕಿ ಬಿದ್ದು ಥೀಡಾ ಬಾರಾ ಅವರ ಚಿತ್ರಗಳು ಬಹುಪಾಲು ಹೋದವು.

ಉಳಿದವುಗಳಲ್ಲಿ ಚಾಪ್ಲಿನ್, ಕೀಟನ್ ಅವರ ಬಹಳಷ್ಟು ಚಿತ್ರಗಳು ಅಂತರ್ಜಾಲದಲ್ಲಿ ಸಿಗುತ್ತವೆ. ಎರಡು ವಿಷಯ ಗಮನಿಸಿ. ಮೂಕಿ ಚಿತ್ರಗಳನ್ನು ಮೌನದಲ್ಲಿ ನೋಡುತ್ತಿರಲಿಲ್ಲ. ಥಿಯೇಟರಿನಲ್ಲಿ ಪಿಯಾನೋ, ಇಲ್ಲವೇ ಹಾರ್ಮೋನಿಯಂ ತಬಲಾ ಇದ್ದೇ ಇರುತ್ತಿತ್ತು, ಹಾಗಾಗಿ ಸಂಗೀತ ಇರುವ ಪ್ರತಿಯನ್ನೇ ಆರಿಸಿ. ಇನ್ನು, ಎಲ್ಲರೂ ಪಟಪಟ ಅಂತ ಗೊಂಬೆಗಳ ಹಾಗೆ ಓಡಾಡಿದರೆ ಆ ಪ್ರತಿ ಸರಿಯಿಲ್ಲ. ಕೈಯಿಂದ ತಿರುಗಿಸುವ ಕ್ಯಾಮೆರಾದಲ್ಲಿ ಸೆಕೆಂಡಿಗೆ 16ರಿಂದ 20 ಚಿತ್ರಿಕೆ ತೆಗೆದದ್ದನ್ನು ಟಾಕಿಯ 24ರ ವೇಗದಲ್ಲಿ ಓಡಿಸಿರುತ್ತಾರೆ. ಸರಿಯಾದ ವೇಗಕ್ಕೆ ತಂದ ಪ್ರತಿ ಹುಡುಕಿ. ಮೊದಲ ಸಲ ನೋಡುವವರಾದರೆ ಕೀಟನ್ನರ 'ಶೆರ್ಲಾಕ್ ಜೂನಿಯರ್'ನಿಂದ ಶುರು ಮಾಡಿ. ಮುಕ್ಕಾಲು ಗಂಟೆಯದ್ದು, ಮನೆಯ ಮಕ್ಕಳೂ ಜೊತೆಗೆ ಕೂತು ನೋಡುತ್ತಾರೆ.